ತಾಯಿ-ಮಗು ಕ್ಷೇಮ ಎಂದ ಮೇಲೆ ಕೇಳದೆ ಉಳಿದದ್ದು

ತೊಟ್ಟಿಲ ಶಾಸ್ತ್ರಕ್ಕೆ ಸೇರಿದ ಹೆಂಗಸರು, ಗಂಡಸರೆಲ್ಲ ಊಟದ ಪಂಕ್ತಿಗೆ ಎದ್ದು ಹೋದ ಮೇಲೆ, ಬಾಣಂತಿಯ ಕೋಣೆಯಲ್ಲಿ ಕುಳಿತು ತಂತಮ್ಮ ಹೆರಿಗೆಯ ಕತೆ ತೆಗೆಯುತ್ತಾರೆ. ಒಬ್ಬಳ ತೊಡೆಗೆ ಸಿಸ್ಟರ್ ಬಾರಿಸಿದ್ದರು. ಇನ್ನೊಬ್ಬಳು ನೋವು ತಡೆಯಲಾರದೆ ಅಮ್ಮಾ ಎಂದು ಕೂಗಿದ್ದಕ್ಕೆ ‘ಗಂಡನ ಪಕ್ಕ ಮಲಗೋವಾಗ ಅಮ್ಮ ನೆನಪಾಗ್ಲಿಲ್ವೇನೇ’ ಅನ್ನಿಸಿಕೊಂಡಿದ್ದಳು. ಮತ್ತೊಬ್ಬಳ ಹೊಟ್ಟೆಯ ಮೇಲೆ ಆಯಾ ಮೊಣಕೈ ಊರಿ ಒತ್ತಿದ್ದಳು. ಕೆಳಗೆ ಕೊಯ್ದು ಹೊಲಿಗೆ ಹಾಕಿದ್ದು ಅವಳಿಗೆ ಗೊತ್ತಾದದ್ದೇ ಮಾರನೆಯ ದಿನ ಕೂರಲು ಹೋದಾಗ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ಹಿರಿಯಳೊಬ್ಬಳು ‘ಹೆರಿಗೆ ಅಂದ್ರೆ ಮರುಹುಟ್ಟು ಕಣಮ್ಮ, ಅಷ್ಟೂ ಇಲ್ದಿದ್ರೆ ಹೇಗೆ’ ಎಂದು ಮಾತು ಮುಗಿಸುತ್ತಾಳೆ. ಈ ಕತೆಗಳು ಆ ಕೋಣೆಯ ಹೊಸ್ತಿಲು ದಾಟುವುದು ಅಪರೂಪ. ಆಸ್ಪತ್ರೆಯಿಂದ ಮನೆಗೆ ಫೋನ್ ಬಂದಾಗ ಹೇಳಿದ್ದು ಒಂದೇ ಮಾತು: ತಾಯಿ-ಮಗು ಕ್ಷೇಮ. ಅದನ್ನು ಕೇಳಿದ ಮೇಲೆ ಮತ್ತೇನನ್ನೂ ಕೇಳುವ ರೂಢಿ ನಮ್ಮಲ್ಲಿಲ್ಲ.

ಕೇಳದೆ ಇರುವುದಕ್ಕೆ ಕಾರಣವೂ ಇದೆ, ಅದನ್ನು ಲಘುವಾಗಿ ತಳ್ಳಿಹಾಕಬಾರದು. ಬಸುರಿ-ಬಾಣಂತಿಯರ ಸಾವು ಈ ನಾಡಿನ ಪ್ರತಿ ಊರೂ ಕಂಡ ಸಂಗತಿ. ಮಾದರಿ ನೋಂದಣಿ ಸಮೀಕ್ಷೆಯ ಲೆಕ್ಕದಲ್ಲಿ 2004–06ರ ಹೊತ್ತಿಗೆ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. ದೇಶದ ಸರಾಸರಿ 254 ಇತ್ತು. 2018–20ರ ಲೆಕ್ಕಕ್ಕೆ ಬಂದಾಗ ಕರ್ನಾಟಕ 69ಕ್ಕೆ, ದೇಶ 97ಕ್ಕೆ ಇಳಿದಿತ್ತು. ಇದು ತಾನಾಗಿ ಆದದ್ದಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಗೆ ಬಂದು ಹೆತ್ತರೆ ಕೈಗೆ ಹಣ ಸಿಗತೊಡಗಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದರು. ತಾಯಿ ಕಾರ್ಡ್ ಬಂತು, 108 ಬಂತು, ಮಡಿಲು ಕಿಟ್ ಬಂತು, ಹೆರಿಗೆಯಾದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ದೇಶದ ನೂರು ಹೆರಿಗೆಗಳಲ್ಲಿ 39ರಷ್ಟು ಮಾತ್ರ ಆಸ್ಪತ್ರೆಯಲ್ಲಾಗುತ್ತಿದ್ದವು. 2019–21ರಲ್ಲಿ ಅದು 89ರ ಹತ್ತಿರ ಬಂದಿತ್ತು. ಕರ್ನಾಟಕದಲ್ಲಂತೂ 97. ಹದಿನೈದು ವರ್ಷದಲ್ಲಿ ಒಂದು ಸಮಾಜ ಹೆರುವ ಜಾಗವನ್ನೇ ಬದಲಿಸಿಕೊಂಡಿತು.

ಈ ಎಲ್ಲ ಯೋಜನೆಗಳೂ ಬಸುರಿಯನ್ನು ಆಸ್ಪತ್ರೆಯ ಬಾಗಿಲ ತನಕ ತಲುಪಿಸಲು ಮಾಡಿದವು. ಬಾಗಿಲ ಒಳಗೆ ಅವಳಿಗೆ ಏನಾಗುತ್ತದೆ ಎಂಬುದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ತಿಂಗಳ ಕೊನೆಗೆ ಮೇಲಧಿಕಾರಿ ಕೇಳುವುದು ಎಷ್ಟು ಹೆರಿಗೆ, ಎಷ್ಟು ನಾರ್ಮಲ್, ಎಷ್ಟು ಸಿಜೇರಿಯನ್, ಎಷ್ಟು ಸಾವು. ಎಷ್ಟು ಜನರಿಗೆ ಹೊಡೆದಿರಿ ಎಂದು ಯಾರೂ ಕೇಳುವುದಿಲ್ಲ.

ಜಗತ್ತಿನ ವೈದ್ಯಕೀಯ ಸಂಶೋಧನೆಯೂ ಈ ಪ್ರಶ್ನೆಗೆ ತಡವಾಗಿಯೇ ಬಂತು. 2010ರಲ್ಲಿ ಡಯಾನಾ ಬೌಸರ್ ಮತ್ತು ಕ್ಯಾಥ್ಲೀನ್ ಹಿಲ್ ಎಂಬ ಇಬ್ಬರು ಸಂಶೋಧಕಿಯರು ಬೇರೆ ಬೇರೆ ದೇಶಗಳ ವರದಿಗಳನ್ನು ಒಟ್ಟುಮಾಡಿ, ಹೆರಿಗೆ ಆಸ್ಪತ್ರೆಗಳಲ್ಲಿ ನಡೆಯುವ ದುರ್ವರ್ತನೆಗೆ ಏಳು ಮುಖಗಳಿವೆ ಎಂದರು. ಹೊಡೆತ ಮತ್ತು ಬೈಗುಳ ಎಲ್ಲರಿಗೂ ಹೊಳೆಯುವಂಥವು. ಹೇಳದೆ ಕೇಳದೆ ಮೈಮೇಲೆ ಕೈ ಹಾಕುವುದು, ಮರೆಯಿಲ್ಲದೆ ಮಲಗಿಸುವುದು, ಜಾತಿ-ಬಡತನ ನೋಡಿ ಬೇರೆಯಾಗಿ ನಡೆಸಿಕೊಳ್ಳುವುದು, ನೋವಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದು, ಬಿಲ್ಲು ಕಟ್ಟುವ ತನಕ ಹಿಡಿದಿಟ್ಟುಕೊಳ್ಳುವುದು ಕೂಡ ಅದೇ ಜಾತಿಗೆ ಸೇರಿದವು ಎಂದು ಅವರು ಹೇಳಿದ್ದು ಹೊಸದಾಗಿತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾನವ ಹಕ್ಕಿನ ಉಲ್ಲಂಘನೆ ಎಂದು ಹೇಳಿಕೆ ಹೊರಡಿಸಿತು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್ ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಯನ್ನು ಪಕ್ಕದಲ್ಲೇ ನಿಂತು ದಾಖಲಿಸಿತು. ನೂರಕ್ಕೆ 42ರಷ್ಟು ಮಂದಿ ಹೊಡೆತ, ಬೈಗುಳ ಅಥವಾ ತಾರತಮ್ಯ ಕಂಡಿದ್ದರು. ಕೆಳಗೆ ಕೊಯ್ಯಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಹೆಂಗಸರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಆ ದೇಶಗಳ ಕತೆ ನಮಗ್ಯಾಕೆ ಎನ್ನುವವರಿಗೆ ಉತ್ತರ ಪ್ರದೇಶದ ಉದಾಹರಣೆಯಿದೆ. ಅಲ್ಲಿನ 26 ಆಸ್ಪತ್ರೆಗಳಲ್ಲಿ 275 ಹೆರಿಗೆಗಳನ್ನು ಗಮನಿಸಿದ ಸಂಶೋಧಕರು ಅದೇ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದಲ್ಲ ಒಂದು ಬಗೆಯ ದುರ್ವರ್ತನೆಗೆ ಸಿಗದ ಹೆಂಗಸು ಒಬ್ಬಳೂ ಇರಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಡೆತ ಹೆಚ್ಚು, ಮರೆ ಕಡಿಮೆ. ಖಾಸಗಿಯವರಲ್ಲಿ ಜೊತೆಗೆ ಯಾರನ್ನೂ ಬಿಡದಿರುವುದು, ಬೇಡದ ಕೂದಲು ಬೋಳಿಸುವುದು ಹೆಚ್ಚು. ದುಡ್ಡು ಕೊಟ್ಟರೆ ಮರ್ಯಾದೆ ಸಿಗುತ್ತದೆ ಎಂಬ ನಮ್ಮ ಲೆಕ್ಕ ಪೂರ್ತಿ ಸರಿಯಲ್ಲ.

ಹೆರಿಗೆ ಕೋಣೆಯ ಒಳಗೆ ಸ್ವಲ್ಪ ನಿಂತು ನೋಡೋಣ. ನೋವು ಶುರುವಾದ ಹೆಂಗಸಿಗೆ ಎದ್ದು ಓಡಾಡಬೇಕು ಅನ್ನಿಸುತ್ತದೆ, ಗೋಡೆ ಹಿಡಿದು ಬಗ್ಗಬೇಕು ಅನ್ನಿಸುತ್ತದೆ, ಕುಕ್ಕುರುಗಾಲಲ್ಲಿ ಕೂರಬೇಕು ಅನ್ನಿಸುತ್ತದೆ. ನಮ್ಮ ಹೆಚ್ಚಿನ ಲೇಬರ್ ವಾರ್ಡುಗಳಲ್ಲಿ ಅವಳನ್ನು ಕಿರಿದಾದ ಕಬ್ಬಿಣದ ಮೇಜಿನ ಮೇಲೆ ಅಂಗಾತ ಮಲಗಿಸಿ ಕಾಲು ಎತ್ತಿಸುತ್ತಾರೆ. ಇದು ನೋಡುವವರಿಗೆ, ಹೊಲಿಗೆ ಹಾಕುವವರಿಗೆ ಅನುಕೂಲ. ಹೆರುವವಳಿಗೆ ಏನೂ ಅನುಕೂಲವಿಲ್ಲ. ಆಮೇಲೆ ಗಡಿಯಾರ ಶುರುವಾಗುತ್ತದೆ. 1955ರಲ್ಲಿ ನ್ಯೂಯಾರ್ಕಿನ ಎಮ್ಯಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು ಒಂದೇ ಆಸ್ಪತ್ರೆಯ ಐನೂರು ಚೊಚ್ಚಲ ಬಸುರಿಯರನ್ನು ನೋಡಿ ಗರ್ಭದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆ ಎಂಬ ನಕ್ಷೆ ಬರೆದರು. ಅದರಿಂದ ಹೊರಟ ‘ಗಂಟೆಗೆ ಒಂದು ಸೆಂಟಿಮೀಟರ್’ ಎಂಬ ಸೂತ್ರ ಲೋಕವನ್ನೆಲ್ಲ ಆಳಿತು. ಅಷ್ಟಾಗದಿದ್ದರೆ ಡ್ರಿಪ್ ಏರಿಸು, ನೋವು ಹೆಚ್ಚಿಸು, ಅದಕ್ಕೂ ಆಗದಿದ್ದರೆ ಕೊಯ್ಯಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಆರೈಕೆ ಕುರಿತು 56 ಶಿಫಾರಸುಗಳನ್ನು ಪ್ರಕಟಿಸಿ, ಈ ವೇಗ ಎಲ್ಲ ಹೆಂಗಸರಿಗೂ ಅನ್ವಯಿಸುವುದಿಲ್ಲ, ತಾಯಿ-ಮಗು ಸರಿಯಿರುವಾಗ ಬರೀ ನಿಧಾನವಾಯಿತೆಂದು ಕೈ ಹಾಕಬೇಡಿ ಎಂದಿತು. ವಾಡಿಕೆಯಂತೆ ಎಲ್ಲರಿಗೂ ಕೆಳಗೆ ಕೊಯ್ಯಬೇಡಿ, ಮಗು ಹೊರಬರಲೆಂದು ಹೊಟ್ಟೆ ಒತ್ತಬೇಡಿ, ಎನಿಮಾ ಬೇಡ, ಬೋಳಿಸುವುದು ಬೇಡ, ಓಡಾಡಲು ಬಿಡಿ, ಬೇಕಾದ ಭಂಗಿಯಲ್ಲಿರಲು ಬಿಡಿ ಎಂಬುದೂ ಅದರಲ್ಲಿದೆ.

ಅಂದರೆ ನಮ್ಮ ಹೆಂಗಸರು ಕತೆ ಮಾಡಿ ನಕ್ಕು ಹಗುರಾಗುವ ಅನೇಕ ಸಂಗತಿಗಳು ಮರ್ಯಾದೆಯ ದೃಷ್ಟಿಯಿಂದ ಮಾತ್ರವಲ್ಲ, ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ತಪ್ಪು. ‘ಒಳ್ಳೇದಕ್ಕೇ ಮಾಡ್ತಾರೆ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ.

ಬೈಗುಳದ ಬಗ್ಗೆಯೂ ಇಂಥದೇ ಒಂದು ನಂಬಿಕೆಯಿದೆ. ಬೈಯದಿದ್ದರೆ ಇವರು ಮುಕ್ಕುವುದಿಲ್ಲ, ಹೆದರಿಸಿದರೆ ಮಾತ್ರ ಮಗು ಹೊರಗೆ ಬರುತ್ತದೆ ಎಂದು ಲೇಬರ್ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಸಿಸ್ಟರುಗಳು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮಗು ಬರುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಬಂದ ಕಾಲು ಗಂಟೆಯವರೆಗೆ ಹೊಡೆತ-ಬೈಗುಳ ತಾರಕಕ್ಕೇರುತ್ತದೆ ಎಂದು ನಾಲ್ಕು ದೇಶಗಳ ಅಧ್ಯಯನವೂ ಕಂಡುಕೊಂಡಿತು. ಆತಂಕದ ಗಳಿಗೆ ಅದು; ಮಗುವಿನ ಎದೆಬಡಿತ ಇಳಿಯುತ್ತಿರಬಹುದು, ಪಕ್ಕದ ಮೇಜಿನಲ್ಲಿ ಇನ್ನೊಬ್ಬಳಿಗೆ ರಕ್ತ ಹೋಗುತ್ತಿರಬಹುದು. ಆದರೆ ಮೈಯ ನಡವಳಿಕೆ ಬೇರೆ. ಹೆರಿಗೆ ನೋವನ್ನು ಮುಂದಕ್ಕೆ ಒಯ್ಯುವುದು ಆಕ್ಸಿಟೋಸಿನ್. ಭಯವಾದಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್ ಗರ್ಭಕೋಶದ ಕೆಲಸಕ್ಕೆ ಅಡ್ಡ ಬರಬಲ್ಲದು. ಹಟ್ಟಿಯಲ್ಲಿ ಹಸು ಕರು ಹಾಕುವಾಗ ಅಪರಿಚಿತರನ್ನು ಹತ್ತಿರ ಬಿಡದ ನಮ್ಮ ರೈತರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಸಿಸ್ಟರುಗಳ ಮಾತು ಬಂದಾಗ ಅವರ ಕಡೆಯ ಲೆಕ್ಕವನ್ನೂ ಬರೆಯಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೋ ಇಬ್ಬರೋ ಇರುತ್ತಾರೆ, ಒಂದೇ ಹೊತ್ತಿಗೆ ನಾಲ್ಕು ಜನ ನೋವು ತಿನ್ನುತ್ತಿರುತ್ತಾರೆ. ಅನೇಕರದು ಗುತ್ತಿಗೆ ಕೆಲಸ; ಆಯಾಗಳದ್ದು ಹೊರಗುತ್ತಿಗೆ, ಸಂಬಳ ಯಾವ ತಿಂಗಳಿನದು ಯಾವಾಗ ಬರುತ್ತದೋ. ಮಗುವಿಗೆ ಏನಾದರೂ ಆದರೆ ಬಂಧುಗಳು ಕಿಟಕಿ ಗಾಜು ಒಡೆಯುತ್ತಾರೆ, ಅಮಾನತಿನ ಆದೇಶ ಬರುವುದು ಮೊದಲು ಇವರಿಗೇ. ಹಿರಿಯ ವೈದ್ಯರು ಪಿ.ಜಿ. ವಿದ್ಯಾರ್ಥಿಗಳನ್ನು ಎಲ್ಲರೆದುರು ಬೈಯುತ್ತಾರೆ, ಪಿ.ಜಿ.ಗಳು ಸಿಸ್ಟರನ್ನು, ಸಿಸ್ಟರ್ ಆಯಾಳನ್ನು. ಸಾಲಿನ ಕಟ್ಟಕಡೆಗೆ, ಬಟ್ಟೆಯೂ ಸರಿಯಿಲ್ಲದೆ ಮಲಗಿರುವವಳು ಆ ಬಸುರಿ. ಅವಳು ತಿರುಗಿ ಬೈಯಲಾರಳು. ಬೆಂಗಳೂರಿನ ಗೀತಾ ಸೇನ್, ಭವ್ಯಾ ರೆಡ್ಡಿ ಮತ್ತು ಅದಿತಿ ಅಯ್ಯರ್ 2018ರಲ್ಲಿ ಬರೆದ ಲೇಖನದ ತಿರುಳು ಇಲ್ಲಿಗೆ ಹೊಂದುತ್ತದೆ: ದುರ್ವರ್ತನೆ ಎಷ್ಟಾಯಿತೆಂದು ಅಳೆದರೆ ಸಾಲದು, ಅದು ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕು, ಹೊರಗಿನ ಸಮಾಜದ ಮೇಲು-ಕೀಳು ಮತ್ತು ಆಸ್ಪತ್ರೆಯ ಒಳಗಿನ ಅಧಿಕಾರದ ಮೆಟ್ಟಿಲು ಎರಡೂ ಸೇರಿ ಅದನ್ನು ಸಹಜವೆನ್ನಿಸಿಬಿಡುತ್ತವೆ. ಕೆಟ್ಟ ಬಾಯಿಯ ಒಬ್ಬ ಸಿಸ್ಟರನ್ನು ಎತ್ತಂಗಡಿ ಮಾಡಿದರೆ ಆ ಜಾಗಕ್ಕೆ ಬಂದವಳೂ ಆರು ತಿಂಗಳಲ್ಲಿ ಅದೇ ಮಾತು ಕಲಿಯುವುದು ಇದಕ್ಕೇ.

ಬೈಗುಳ ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಚಿಕ್ಕ ವಯಸ್ಸಿನವಳಿಗೆ, ಓದು ಬಾರದವಳಿಗೆ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ನಮ್ಮಲ್ಲಿ ಅದಕ್ಕೆ ಜಾತಿ ಸೇರಿಸಿ, ಧರ್ಮ ಸೇರಿಸಿ, ಎಚ್‌ಐವಿ ಸೇರಿಸಿ, ‘ಇದು ಎಷ್ಟನೇದು, ನಾಚ್ಕೆ ಆಗಲ್ವಾ’ ಎಂಬ ಪ್ರಶ್ನೆ ಸೇರಿಸಿ. ಮೂರನೆಯದೂ ಹೆಣ್ಣಾದರೆ ಮಗುವಿನ ತೂಕಕ್ಕಿಂತ ಮೊದಲು ಆಯಾಳ ಮುಖ ಸಿಂಡರಿಸುತ್ತದೆ.

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಬಸುರಿಯೊಬ್ಬಳನ್ನು ನೋವು ಬಂದಾಗ ನೆರೆಹೊರೆಯವರು ಜಿಲ್ಲಾಸ್ಪತ್ರೆಗೆ ಕರೆತಂದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಅವಳನ್ನು ದಾಖಲಿಸಿಕೊಳ್ಳಲಿಲ್ಲ. ಬೆಂಗಳೂರಿಗೆ ಹೋಗಿ ಎಂದರು. ಹೋಗಲು ದುಡ್ಡಿರಲಿಲ್ಲ. ಮನೆಗೆ ವಾಪಸಾದಳು. ಮಾರನೆಯ ಬೆಳಗ್ಗೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು ತಾನೂ ಸತ್ತಳು, ಕೂಸುಗಳೂ ಉಳಿಯಲಿಲ್ಲ. ವೈದ್ಯೆ ಮತ್ತು ದಾದಿಯರು ಅಮಾನತಾದರು. ಬಸುರಿಯ ಆರೈಕೆ ತಪ್ಪದಿರಲಿ ಎಂದು ಮಾಡಿದ ಕಾರ್ಡು ಅವಳನ್ನು ಹೊರಗಿಡುವ ಬೀಗವಾಯಿತು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ, ವಾಹನ ಎಲ್ಲವೂ ಉಚಿತ ಎಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸಾರಿದ್ದು 2011ರ ಜೂನಿನಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ, 2010ರಲ್ಲಿ, ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು ಇಂಥದೇ ಎರಡು ಪ್ರಕರಣಗಳಲ್ಲಿ, ಆರೋಗ್ಯ ಸೌಲಭ್ಯ ಪಡೆಯಲು ಬಡವಳು ತಾನು ಬಡವಳೆಂದು ರುಜುವಾತು ಮಾಡುತ್ತ ಅಲೆಯಬೇಕಾದ ಸ್ಥಿತಿಯನ್ನು ಕಟುವಾಗಿ ಪ್ರಶ್ನಿಸಿದ್ದರು. ಆ ಪ್ರಕರಣಗಳ ಒಬ್ಬಾಕೆ ದೆಹಲಿಯಲ್ಲಿ ಮರದ ಕೆಳಗೆ, ಬೀದಿಯ ಜನರ ಕಣ್ಣೆದುರು ಹೆತ್ತಿದ್ದಳು. ಆದೇಶಗಳು ನಮ್ಮಲ್ಲಿ ಕಡಿಮೆಯಿಲ್ಲ. ರಾತ್ರಿ ಎಂಟು ಗಂಟೆಗೆ ಕೌಂಟರಿನಲ್ಲಿ ಕುಳಿತವರಿಗೆ ಆ ಆದೇಶಕ್ಕಿಂತ ತಮ್ಮ ರಿಜಿಸ್ಟರಿನ ಖಾಲಿ ಕಾಲಂ ದೊಡ್ಡದಾಗಿ ಕಾಣುತ್ತದೆ.

ಕೂಸಿನ ಮುಖ ನೋಡಲು ದುಡ್ಡು ಕೇಳುವ ಪದ್ಧತಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಅದು ಎಲ್ಲರಿಗೂ ಗೊತ್ತು. 2005ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬೆಂಗಳೂರಿನ ಪಾಲಿಕೆ ಹೆರಿಗೆ ಆಸ್ಪತ್ರೆಯ ದರಪಟ್ಟಿಯನ್ನು ಡಾಲರಿನಲ್ಲೇ ಅಚ್ಚು ಹಾಕಿ ಲೋಕಕ್ಕೆ ತಿಳಿಸಿತ್ತು: ಗಂಡಾದರೆ 12, ಹೆಣ್ಣಾದರೆ 7. ರೇಟು ಈಗ ಏರಿದೆ.

ಖಾಸಗಿ ಆಸ್ಪತ್ರೆಯ ಕತೆ ಬೇರೆ ರೀತಿಯದು. ಅಲ್ಲಿ ‘ಮೇಡಂ’ ಎನ್ನುತ್ತಾರೆ, ಎ.ಸಿ. ಇರುತ್ತದೆ, ತೊಡೆಗೆ ಯಾರೂ ಹೊಡೆಯುವುದಿಲ್ಲ. ಆದರೆ ‘ಮಗುವಿಗೆ ನೀರು ಕಡಿಮೆಯಾಗಿದೆ, ರಿಸ್ಕ್ ತಗೋತೀರಾ’ ಎಂದು ಗಂಡನನ್ನು ಹೊರಗೆ ಕರೆದು ಕೇಳಿದಾಗ ಬೇಡ ಎನ್ನುವ ಗಂಡ ಯಾರಿದ್ದಾನೆ? ಅವನು ಫಾರಂಗೆ ಸಹಿ ಹಾಕುತ್ತಾನೆ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರಲ್ಲಿ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಜೇರಿಯನ್, ಸರ್ಕಾರಿಯಲ್ಲಿ 14. ಎರಡೂ ಕಡೆ ಬರುವುದು ಒಂದೇ ದೇಶದ ಹೆಂಗಸರು. ಸಿಜೇರಿಯನ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಬೇಕಾದಾಗ ಸಿಗದೆ ಸತ್ತವರ ಲೆಕ್ಕವೇ ದೊಡ್ಡದು. ಹೊಟ್ಟೆ ಯಾರದೋ ಅವಳನ್ನು ಬಿಟ್ಟು ಉಳಿದವರೆಲ್ಲ ಸೇರಿ ನಿರ್ಧಾರ ಮಾಡುವುದು ಮಾತ್ರ ಕಾನೂನಿಗೂ ಒಪ್ಪದ ಸಂಗತಿ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಹೆಂಗಸಿಗೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶ-ಅಂಡಾಶಯ ತೆಗೆದುಬಿಟ್ಟಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಪರವಾಗಿ ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯವೇನು ಎಂದು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದಿತು ನ್ಯಾಯಾಲಯ. ಇಷ್ಟು ವರ್ಷಗಳ ಮೇಲೂ ನಮ್ಮ ದಾಖಲಾತಿ ಫಾರಮುಗಳಲ್ಲಿ ‘ಪತಿ/ಪೋಷಕರ ಸಹಿ’ ಎಂಬ ಗೆರೆಯೇ ಅವಳ ಸಹಿಗಿಂತ ಮುಖ್ಯ.

ಒಪ್ಪಿಗೆಯಿಲ್ಲದ ಕೆಲಸ ಮಗು ಹುಟ್ಟಿದ ಮೇಲೂ ಮುಗಿಯುವುದಿಲ್ಲ. ಮಾಸು ಬಿದ್ದ ಹತ್ತು ನಿಮಿಷದಲ್ಲಿ, ಮತ್ತೆ ಬಸುರಾಗದಂತೆ ವಂಕಿ ಅಳವಡಿಸುವ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಬಸುರಿಯಿದ್ದಾಗಲೇ ತಿಳಿಸಿ, ಒಪ್ಪಿದವರಿಗೆ ಮಾತ್ರ ಹಾಕಬೇಕೆಂಬುದು ನಿಯಮ. ಹೊಟ್ಟೆನೋವೆಂದು ತಿಂಗಳುಗಳ ಮೇಲೆ ಸ್ಕ್ಯಾನಿಂಗ್‌ಗೆ ಹೋದಾಗಲೇ ತಮ್ಮೊಳಗೆ ವಂಕಿ ಇರುವುದು ತಿಳಿದವರು ಬೇರೆ ಬೇರೆ ರಾಜ್ಯಗಳಲ್ಲಿ ಸಿಗುತ್ತಾರೆ. ವಂಕಿ ಒಳ್ಳೆಯ ಸಾಧನವೇ. ಗುರಿ ಮುಟ್ಟಬೇಕಾದ ತಿಂಗಳ ಕೊನೆಯಲ್ಲಿ, ನೋವಿನಿಂದ ಅರೆಬರೆ ಎಚ್ಚರದಲ್ಲಿರುವವಳಿಂದ ‘ಹೂಂ’ ಅನ್ನಿಸಿಕೊಂಡರೆ ಅದು ಸಾಧನವೂ ಅಲ್ಲ, ಸೇವೆಯೂ ಅಲ್ಲ.

ಹೆರಿಗೆಯಾದ ಮೇಲಿನ ದಿನಗಳ ಬಗ್ಗೆ ನಾವು ಇನ್ನೂ ಕಡಿಮೆ ಮಾತಾಡುತ್ತೇವೆ. ಎರಡು ದಿನವಾದರೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕೆಂಬ ನಿಯಮವಿರುವುದು ಸುಮ್ಮನಲ್ಲ; ವಿಪರೀತ ರಕ್ತಸ್ರಾವದಿಂದ ಸಾಯುವವರು ಹೆಚ್ಚಾಗಿ ಮೊದಲ ದಿನವೇ ಸಾಯುತ್ತಾರೆ. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಕೆಳಗೆ ಚಾಪೆಯ ಮೇಲೆ ಒಬ್ಬಳು ಎಂದಾದರೆ ಯಾರೂ ಇರಲು ಬಯಸುವುದಿಲ್ಲ. ಹೊಲಿಗೆ ಕೀವಾಗಿದೆ ಎಂದರೆ ‘ನಿನಗೊಬ್ಬಳಿಗೇ ಹೊಲಿಗೆ ಹಾಕಿರೋದಾ’. ಮಗು ಗಾಜಿನ ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಏನಾಗಿದೆ ಎಂದು ಮಾವನಿಗೆ ಹೇಳುತ್ತಾರೆ, ಅವಳಿಗೆ ಹೇಳುವುದಿಲ್ಲ. ಮನೆಗೆ ಬಂದವಳು ಸುಮ್ಮಸುಮ್ಮನೆ ಅತ್ತರೆ ದೃಷ್ಟಿಯಾಗಿದೆ, ಸೋಂಕು ತಗುಲಿದೆ ಎಂದು ತಾಯತ ಕಟ್ಟಿಸುತ್ತಾರೆ. ಭಯಾನಕ ಹೆರಿಗೆಯ ನೆನಪು ಯುದ್ಧದಿಂದ ಬಂದವರನ್ನು ಕಾಡುವ ಹಾಗೆಯೇ ಕಾಡಬಲ್ಲದೆಂದು ಮನೋವೈದ್ಯರು ಈಗ ಒಪ್ಪುತ್ತಾರೆ: ಮತ್ತೆ ಮತ್ತೆ ಬೀಳುವ ಅದೇ ಕನಸು, ಆಸ್ಪತ್ರೆಯ ವಾಸನೆಗೇ ಬೆವರುವ ಮೈ, ಇನ್ನೊಂದು ಮಗುವೆಂದರೆ ಹೆದರಿಕೆ. ಬಾಣಂತಿಯನ್ನು ಕೂಸಿನೊಂದಿಗೇ ದಾಖಲಿಸಿಕೊಂಡು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ವಿಭಾಗ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಅಂಥದ್ದು ಜಿಲ್ಲೆಗೊಂದಾದರೂ ಬೇಕಿತ್ತು.

ಹಾಗಾದರೆ ಹಳೆಯ ಕಾಲವೇ ಒಳ್ಳೆಯದಿತ್ತೇ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಒಂದು ಬಿಡಿಗಾಸೂ ಪಡೆಯದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಅವರ ಹೆಸರು ಹೇಳಿ ಮನೆ ಹೆರಿಗೆಗೆ ಮರಳೋಣ ಎನ್ನುವ ನಗರದ ಉತ್ಸಾಹಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಕ್ತಸ್ರಾವವಾದಾಗ ಸೂಲಗಿತ್ತಿಯ ಕೈಯಲ್ಲಿ ರಕ್ತದ ಬಾಟಲಿ ಇರಲಿಲ್ಲ, ಅಡ್ಡ ಬಿದ್ದ ಮಗುವಿಗೆ ಆಪರೇಷನ್ ಕೋಣೆ ಇರಲಿಲ್ಲ. ಆದರೆ ಅವಳಲ್ಲಿದ್ದ ಒಂದನ್ನು ನಾವು ಆಸ್ಪತ್ರೆಗೆ ಬರುವಾಗ ದಾರಿಯಲ್ಲೇ ಬಿಟ್ಟು ಬಂದೆವು. ಅವಳು ನೋವು ಶುರುವಾದಾಗ ಬಂದವಳು ಕೂಸಿಗೆ ನೀರೆರೆಯುವ ತನಕ ಪಕ್ಕ ಬಿಟ್ಟು ಏಳುತ್ತಿರಲಿಲ್ಲ.

ಇದಕ್ಕೆ ಬೆಲೆಯಿದೆಯೇ ಎಂದರೆ ಲೆಕ್ಕವೂ ಇದೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಕಾಕ್ರೇನ್ ಪರಿಶೀಲನೆ, ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಆಸರೆಗೊಬ್ಬರು ಇದ್ದವರಿಗೆ ಸಿಜೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ, ತಾನಾಗಿ ಆಗುವ ಹೆರಿಗೆ ಹೆಚ್ಚು ಎಂದು ಕಂಡುಕೊಂಡಿತು. ಪಕ್ಕದಲ್ಲಿ ಸಾಕ್ಷಿಯೊಬ್ಬಳಿದ್ದರೆ ಎತ್ತಿದ ಕೈಯೂ ಇಳಿಯುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2016ರ ಫೆಬ್ರವರಿಯಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಸಂಗಾತಿಯೊಬ್ಬರನ್ನು ಬಿಡಬೇಕೆಂದು ಹೇಳಿದೆ. ಬಿಡುವುದಿಲ್ಲ ಏಕೆಂದರೆ, ‘ಬೇರೆ ಹೆಂಗಸರೂ ಬಟ್ಟೆ ಬಿಚ್ಚಿ ಮಲಗಿರ್ತಾರೆ, ಹೊರಗಿನವರನ್ನು ಹೇಗೆ ಬಿಡೋದು’. ಅಂದರೆ ಮೇಜುಗಳ ನಡುವೆ ಪರದೆಯಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರ ಕೊಳ್ಳುವ ಇಲಾಖೆಗೆ ನಾಲ್ಕು ಮಾರು ಬಟ್ಟೆ ಹೊಲಿಸುವುದು ಕಷ್ಟವಾಗಿ ಕೂತಿದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ತಂದ ಮಿಡ್‌ವೈಫರಿ ಮಾರ್ಗಸೂಚಿಯ ಆಸೆಯೂ ಇದೇ: ತೊಡಕಿಲ್ಲದ ಹೆರಿಗೆಯನ್ನು ತರಬೇತಿ ಪಡೆದ ದಾದಿಯೊಬ್ಬಳು ಪಕ್ಕದಲ್ಲಿದ್ದು ಸಾವಧಾನದಿಂದ ನಡೆಸಿಕೊಡಲಿ ಎಂದು. ತೆಲಂಗಾಣ ಅದಕ್ಕೂ ಮುಂಚೆಯೇ ಅಂಥ ತರಬೇತಿ ಶುರುಮಾಡಿತ್ತು.

ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದೇ 2017ರ ಕೊನೆಯಲ್ಲಿ ‘ಲಕ್ಷ್ಯ’ ಎಂಬ ಯೋಜನೆ ಬಂದಿದೆ. ಮರ್ಯಾದೆಯ ಆರೈಕೆ, ಪರದೆ, ಸಂಗಾತಿ, ಬೇಕಾದ ಭಂಗಿ ಎಲ್ಲವೂ ಅದರಲ್ಲಿ ಬರೆದಿವೆ. ಹೆತ್ತವರಲ್ಲಿ ನೂರಕ್ಕೆ 80 ಮಂದಿಯಾದರೂ ತೃಪ್ತಿ ಎಂದು ಹೇಳಬೇಕೆಂಬುದು ಅದರ ಗುರಿಗಳಲ್ಲೊಂದು. ಈ ಗುರಿ ಮುಟ್ಟುವುದು ಅತಿ ಸುಲಭ. ಡಿಸ್ಚಾರ್ಜ್ ಚೀಟಿಗೆ ಕಾಯುತ್ತಿರುವ, ಮಡಿಲಲ್ಲಿ ಜೀವಂತ ಕೂಸಿರುವ ಬಾಣಂತಿಯನ್ನು ಅದೇ ವಾರ್ಡಿನ ಸಿಸ್ಟರ್ ‘ಹೇಗಿತ್ತಮ್ಮ ನಮ್ಮ ಸೇವೆ’ ಎಂದು ಕೇಳಿದರೆ ಏನು ಹೇಳಿಯಾಳು? ಮುಂದಿನ ಹೆರಿಗೆಗೂ ಇಲ್ಲಿಗೇ ಬರಬೇಕು, ತಂಗಿಯನ್ನೂ ಇಲ್ಲಿಗೇ ಕರೆತರಬೇಕು.

ಕಾನೂನಿನ ದಾರಿ ಹಿಡಿದ ದೇಶಗಳಿವೆ. ವೆನೆಜುವೆಲಾ 2007ರಲ್ಲಿ ಹೆಂಗಸರ ಮೇಲಿನ ಹಿಂಸೆ ತಡೆವ ಕಾನೂನಿನಲ್ಲಿ ಹೆರಿಗೆಯ ಹಿಂಸೆಯನ್ನೂ ಒಂದು ಬಗೆಯೆಂದು ಸೇರಿಸಿತು, ಅರ್ಜೆಂಟೀನಾ 2009ರಲ್ಲಿ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಆದರೂ ಕೈ ಪೂರ್ತಿ ಖಾಲಿಯಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ತಿಳಿದು ಒಪ್ಪುವ ಹಕ್ಕು, ಗೋಪ್ಯತೆಯ ಹಕ್ಕು ಎರಡೂ ಇವೆ. ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ 2017ರಲ್ಲಿ ತಿದ್ದುಪಡಿಯಾದ ಕೆ.ಪಿ.ಎಂ.ಇ. ಕಾಯ್ದೆ ಇದೆ, ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. 104 ಆರೋಗ್ಯವಾಣಿಗೆ ಫೋನ್ ಮಾಡಬಹುದು. ಆದರೆ ಹಸಿ ಬಾಣಂತಿ ಎಲ್ಲಿಂದ ದೂರು ಬರೆದಾಳು? ಮನೆಯವರು ಬಿಟ್ಟಾರೆಯೇ? ನನಗೆ ಶಿಕ್ಷೆಗಿಂತ ಹೆಚ್ಚು ನಂಬಿಕೆಯಿರುವುದು ಲೆಕ್ಕದ ಮೇಲೆ. ತಾಯಂದಿರ ಸಾವು ಇಳಿಯಲು ಒಂದು ಕಾರಣ, ಪ್ರತಿ ಸಾವನ್ನೂ ಏಕಾಯಿತು, ಎಲ್ಲಿ ತಡವಾಯಿತು ಎಂದು ಕೂತು ಪರಿಶೀಲಿಸುವ ಪದ್ಧತಿ ಬಂದದ್ದು. ಎಣಿಸತೊಡಗಿದ ಮೇಲೆ ಜಿಲ್ಲಾಧಿಕಾರಿಗೂ ಉತ್ತರಿಸಬೇಕಾಯಿತು. ಹೊಡೆತಕ್ಕೂ ಬೈಗುಳಕ್ಕೂ ಹೇಳದೆ ಕೊಯ್ದದ್ದಕ್ಕೂ ಅಂಥ ಒಂದು ಲೆಕ್ಕ ಬೇಕು, ಅದನ್ನು ಬರೆಯುವವರು ಆ ವಾರ್ಡಿನವರಾಗಿರಬಾರದು.

ಅದಕ್ಕೆ ಹೊಸ ಇಲಾಖೆಯೇನೂ ಬೇಕಾಗಿಲ್ಲ. ಆಸ್ಪತ್ರೆಯಿಂದ ಬಂದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂದು ಈಗಾಗಲೇ ನಿಯಮವಿದೆ. ಅವಳ ಕೈಯಲ್ಲಿ ತಕ್ಕಡಿ ಇರುತ್ತದೆ, ಥರ್ಮಾಮೀಟರ್ ಇರುತ್ತದೆ, ತುಂಬಬೇಕಾದ ಫಾರಂ ಇರುತ್ತದೆ. ಮಗುವಿನ ತೂಕ ಎಷ್ಟು, ಹಾಲು ಕುಡಿಯುತ್ತಿದೆಯೇ, ಹೊಕ್ಕುಳು ಒಣಗಿದೆಯೇ, ತಾಯಿಗೆ ಜ್ವರ ಇದೆಯೇ, ರಕ್ತ ಹೋಗುತ್ತಿದೆಯೇ ಎಂದು ಬರೆದುಕೊಳ್ಳುತ್ತಾಳೆ. 42ನೆಯ ದಿನದ ಹೊತ್ತಿಗೆ ಬಾಣಂತಿಗೆ ಮಾತಾಡುವಷ್ಟು ತ್ರಾಣ ಬಂದಿರುತ್ತದೆ, ಆಸ್ಪತ್ರೆಯ ಹಂಗೂ ಕಳೆದಿರುತ್ತದೆ. ಆ ದಿನದ ಫಾರಮಿನಲ್ಲಿ ನಾಲ್ಕು ಪ್ರಶ್ನೆ ಸೇರಿಸಲಿ: ಯಾರಾದರೂ ಹೊಡೆದರೇ, ಬೈದರೇ, ಹೇಳದೆ ಏನಾದರೂ ಮಾಡಿದರೇ, ದುಡ್ಡು ಕೇಳಿದರೇ. ಹೆಸರು ಬೇಡ, ಆಸ್ಪತ್ರೆಯ ಹೆಸರೊಂದು ಸಾಕು. ತಿಂಗಳಿಗೊಮ್ಮೆ ಆ ಉತ್ತರಗಳ ಮೊತ್ತ ಸಿಜೇರಿಯನ್ ಸಂಖ್ಯೆಯ ಪಕ್ಕದಲ್ಲೇ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಹೋಗಲಿ. ಈ ಪ್ರಶ್ನೆ ಕೇಳಲು ಆಶಾಳಿಗಿಂತ ತಕ್ಕವರು ಬೇರೆ ಯಾರೂ ಇಲ್ಲ. ಬಸುರಿಯನ್ನು ರಾತ್ರೋರಾತ್ರಿ ಕರೆದುಕೊಂಡು ಹೋಗಿ, ಲೇಬರ್ ವಾರ್ಡಿನ ಬಾಗಿಲಲ್ಲಿ ‘ನೀನು ಹೊರಗಿರಮ್ಮ’ ಅನ್ನಿಸಿಕೊಂಡು, ಬೆಳಗಿನವರೆಗೆ ಕಾರಿಡಾರಿನಲ್ಲಿ ಕುಳಿತು ಒಳಗಿನ ಸದ್ದನ್ನೆಲ್ಲ ಕೇಳಿಸಿಕೊಂಡವಳು ಅವಳೇ.